ಹಾಜರಿ ಪುಸ್ತಕ ಯಾರ ಕೈಯಲ್ಲಿದೆ?

ನನ್ನ ಪಿಎಚ್‌ಡಿ ವಿಷಯ ನಗರಾಡಳಿತ. ಹಾಗಾಗಿ ಆಡಳಿತ ಸುಧಾರಣೆಯ ವಿಚಾರಸಂಕಿರಣಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ‘ಬದಲಾವಣೆಯ ನೇತೃತ್ವ’ ಎಂಬ ಮಾತು ಊಟಕ್ಕೆ ಮೊದಲು ಎರಡು ಸಲ, ಊಟವಾದ ಮೇಲೆ ಮೂರು ಸಲ ಕಿವಿಗೆ ಬೀಳುತ್ತದೆ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. ತುದಿಯಲ್ಲಿ ದೂರದೃಷ್ಟಿಯ ಆಯುಕ್ತರು, ನಡುವೆ ಸಲಹಾ ಸಂಸ್ಥೆ, ತಳದಲ್ಲಿ ‘ಬದಲಾವಣೆಗೆ ಒಗ್ಗದ ಸಿಬ್ಬಂದಿ’. ಬಾಣಗಳೆಲ್ಲ ಮೇಲಿನಿಂದ ಕೆಳಕ್ಕೇ ಇಳಿದಿರುತ್ತವೆ. ಒಂದಾದರೂ ಕೆಳಗಿನಿಂದ ಮೇಲಕ್ಕೆ ಹತ್ತಿದ್ದನ್ನು ನಾನು ಕಂಡಿಲ್ಲ.

ಈ ಚಿತ್ರವನ್ನು ತಲೆಕೆಳಗು ಮಾಡಿ ನೋಡಬೇಕು ಎನ್ನುವುದು ನನ್ನ ವಾದ. ಬೆಂಗಳೂರಿನ ಪಾಲಿಕೆಯಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಆಡಳಿತದ ಒಳಗನ್ನು ನಿಜವಾಗಿ ಅಲುಗಿಸಿದ ಬದಲಾವಣೆ ಒಂದಿದ್ದರೆ, ಅದನ್ನು ಮುನ್ನಡೆಸಿದವರು ಪೊರಕೆ ಹಿಡಿದ ಹೆಣ್ಣುಮಕ್ಕಳು. ಅದಕ್ಕೆ ಯಾರೂ ‘ಚೇಂಜ್ ಮ್ಯಾನೇಜ್‌ಮೆಂಟ್’ ಎಂದು ಹೆಸರಿಡಲಿಲ್ಲ. ಮುಷ್ಕರ ಎಂದರು, ಟ್ರಾಫಿಕ್ ಜಾಮ್ ಎಂದರು, ಕಸದ ರಾಶಿಯ ಫೋಟೊ ಹಾಕಿದರು.

ಮೊದಲು ಮೇಲಿನಿಂದ ಬಂದ ಬದಲಾವಣೆಗಳ ಲೆಕ್ಕ ನೋಡೋಣ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಎಂಬ ಹೆಸರು ಹೋಗಿ ಐದು ಪಾಲಿಕೆಗಳು ಬಂದವು. ಯಲಹಂಕ, ಬ್ಯಾಟರಾಯನಪುರ, ಹೆಬ್ಬಾಳ, ಆರ್.ಟಿ. ನಗರದ ಕಡೆಯವರಾದ ನಾವು ಬೆಂಗಳೂರು ಉತ್ತರ ನಗರ ಪಾಲಿಕೆಯವರಾದೆವು. ಐದಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ಯಲಹಂಕದವರಿಗೆ ಇದೇನೂ ಹೊಸದಲ್ಲ. ಇಲ್ಲಿ ಮೊದಲು ಯಲಹಂಕ ನಗರಸಭೆ ಇತ್ತು, ಪಕ್ಕದಲ್ಲಿ ಬ್ಯಾಟರಾಯನಪುರ ನಗರಸಭೆ ಇತ್ತು. 2007ರ ಜನವರಿಯಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ‘ಬೃಹತ್’ ಮಾಡಿದರು. ಹತ್ತಿರದ ಕಚೇರಿ ಮುಚ್ಚಿ ಹಡ್ಸನ್ ವೃತ್ತದ ಕಡೆ ನೋಡಿ ಎಂದರು. ಹದಿನೆಂಟು ವರ್ಷವಾದ ಮೇಲೆ, ಆಡಳಿತ ಹತ್ತಿರ ಬರಬೇಕಲ್ಲವೇ ಎನ್ನುತ್ತಾ ಮತ್ತೆ ಒಡೆದರು. ಕೂಡಿಸಿದಾಗಲೂ ಸುಧಾರಣೆ, ಕಳೆದಾಗಲೂ ಸುಧಾರಣೆ.

ಕಾಗದದ ಮೇಲೆ ಬದಲಾವಣೆ ಒಂದು ದಿನದ ಕೆಲಸ. ಅಂದು ಸೇರಿಸಿಕೊಂಡ ಆ 110 ಹಳ್ಳಿಗಳಿಗಾಗಿಯೇ ಹಾಕಿಕೊಂಡ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಧಿಸೂಚನೆಗೂ ಆ ನೀರಿಗೂ ನಡುವೆ ಹದಿನೇಳು ವರ್ಷ. ಅಷ್ಟರಲ್ಲಿ ತೆರಿಗೆ ಕಟ್ಟಿಸಿಕೊಂಡದ್ದಾಗಿತ್ತು, ವಾರ್ಡ್ ಗಡಿ ಬದಲಿಸಿದ್ದಾಗಿತ್ತು. ಟ್ಯಾಂಕರ್‌ನವರು ಮನೆ ಕಟ್ಟಿಕೊಂಡಿದ್ದರು.

ಈ ಹದಿನೆಂಟು ವರ್ಷ ಪಾಲಿಕೆಯನ್ನು ನಡೆಸಿದವರಾದರೂ ಯಾರು? ಬಿಬಿಎಂಪಿ ಹುಟ್ಟಿದ ಮೊದಲ ಮೂರು ವರ್ಷ ಚುನಾಯಿತ ಸಭೆಯೇ ಇರಲಿಲ್ಲ, ಚುನಾವಣೆ ನಡೆದದ್ದು 2010ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಕೊನೆಯ ಐದು ವರ್ಷವೂ ಇರಲಿಲ್ಲ. ಅಂದರೆ ಅದರ ಆಯುಷ್ಯದಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಜನ ಆರಿಸಿದವರಿಲ್ಲದೆ ಕಳೆಯಿತು. ಆರಿಸಿದವರು ಇದ್ದಾಗ ಮೇಯರ್ ಅವಧಿ ಒಂದೇ ವರ್ಷ, 2010ರಿಂದ 2020ರವರೆಗೆ ಹತ್ತು ಮೇಯರ್‌ಗಳು. ಆಯುಕ್ತರ ಕುರ್ಚಿಯಾದರೂ ಗಟ್ಟಿಯಿತ್ತೇ ಎಂದರೆ, 2019ರ ಆಗಸ್ಟ್‌ನಿಂದ 2022ರ ಮೇವರೆಗೆ, ಮೂರು ವರ್ಷ ತುಂಬುವ ಮೊದಲೇ, ಅದು ನಾಲ್ಕು ಸಲ ಕೈ ಬದಲಿಸಿತು. ಅವರಲ್ಲಿ ಸಮರ್ಥರು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಡ್ರೈವರ್ ಬದಲಾಗುವ ಬಸ್ಸಿನಲ್ಲಿ ಡ್ರೈವರ್‌ನ ಜಾಣತನದ ಬಗ್ಗೆ ಮೂರು ದಿನದ ಕಾರ್ಯಾಗಾರ ಮಾಡುವುದು ಯಾತಕ್ಕೆ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರ ನವೆಂಬರ್‌ನಲ್ಲಿ ಮುಳುಗಿತು. ಜನರನ್ನು ದೋಣಿಯಲ್ಲಿ ಹೊರತಂದರು. ದೊಡ್ಡವರೆಲ್ಲ ಬಂದು ನೋಡಿದರು, ರಾಜಕಾಲುವೆಯ ಮಾತಾಡಿದರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಮುಳುಗಿತು, ಮತ್ತೆ ದೋಣಿ ಬಂತು. ನೀರಿಗೆ ದಾರಿ ನೆನಪಿತ್ತು. ಮೊದಲ ಸಲ ಬಂದು ಮಾತು ಕೊಟ್ಟ ಆಯುಕ್ತರು ಎರಡನೇ ಸಲದ ಹೊತ್ತಿಗೆ ಬೇರೆ ಹುದ್ದೆಯಲ್ಲಿದ್ದರು. ಹೊಸಬರಿಗೆ ಕಡತ ಸಿಗುತ್ತದೆ, ಆದರೆ ಆ ಕಡತದಲ್ಲಿ ಯಾರ ಮಾತಿಗೆ ಎಷ್ಟು ಬೆಲೆ, ಯಾವ ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಇರುವುದಿಲ್ಲ. ಅದು ಗ್ಯಾಂಗ್‌ಮನ್‌ಗೆ ಗೊತ್ತಿರುತ್ತದೆ. ಗ್ಯಾಂಗ್‌ಮನ್‌ನನ್ನು ಸಭೆಗೆ ಕರೆಯುವುದಿಲ್ಲ.

ಇನ್ನು ಪೌರಕಾರ್ಮಿಕರ ಕಥೆ. ಬೀದಿ ಗುಡಿಸುವ ಕೆಲಸವನ್ನು ಪಾಲಿಕೆ ವರ್ಷಗಟ್ಟಲೆ ಗುತ್ತಿಗೆದಾರರ ಮೂಲಕ ಮಾಡಿಸಿತು. ಗುಡಿಸುವವರು ಬಹುಪಾಲು ದಲಿತ ಹೆಣ್ಣುಮಕ್ಕಳು. ಪಾಲಿಕೆಯ ಪಾಲಿಗೆ ಅವರು ನೌಕರರಲ್ಲ, ಬಿಲ್ಲಿನೊಳಗಿನ ಒಂದು ಅಂಕಿ. ಹಾಜರಿ ಪುಸ್ತಕ ಗುತ್ತಿಗೆದಾರರ ಕೈಯಲ್ಲಿ. ಲೆಕ್ಕದಲ್ಲಿರುವ ಹೆಸರಿಗೂ ಬೀದಿಯಲ್ಲಿರುವ ಜನಕ್ಕೂ ತಾಳೆಯಾಗುವುದಿಲ್ಲ, ಕಡಿದ ಪಿಎಫ್ ಖಾತೆಗೆ ಬರುವುದಿಲ್ಲ ಎಂಬ ದೂರುಗಳು ವರ್ಷ ವರ್ಷವೂ ಇದ್ದವು. ಆಡಳಿತಶಾಸ್ತ್ರದ ಭಾಷೆಯಲ್ಲೇ ಹೇಳುವುದಾದರೆ, ತನ್ನ ಅತಿ ದೊಡ್ಡ ಕೆಲಸಗಾರ ಪಡೆ ಎಷ್ಟಿದೆ ಎಂದು ಸಂಸ್ಥೆಗೇ ಖಚಿತವಾಗಿ ಗೊತ್ತಿರಲಿಲ್ಲ. ಇಂಥ ಸಂಸ್ಥೆ ಸ್ಮಾರ್ಟ್ ಸಿಟಿಯ ಮಾತಾಡುತ್ತಿತ್ತು!

ಅದರ ಬಗ್ಗೆ ವರದಿಗಳು ಇರಲಿಲ್ಲವೆಂದಲ್ಲ. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂದು ಐ.ಪಿ.ಡಿ. ಸಾಲಪ್ಪ ವರದಿ 1970ರ ದಶಕದಲ್ಲೇ ಹೇಳಿತ್ತು. ಎಷ್ಟೋ ಸರ್ಕಾರ ಬಂದು ಹೋದವು. ವರದಿ ಕಪಾಟಿನಲ್ಲಿತ್ತು. ಅದನ್ನು ಕಪಾಟಿನಿಂದ ಇಳಿಸಿದವರು ಪ್ರತಿಭಟನೆಗೆ ಬಂದು ಕೂತ ಕಾರ್ಮಿಕರು, ಅವರ ಸಂಘದವರು. ಅವರ ಬೇಡಿಕೆ ನೋಡಿದರೆ, ಅದಕ್ಕಿಂತ ಚೊಕ್ಕವಾದ ಆಡಳಿತ ಸುಧಾರಣೆಯ ಪಟ್ಟಿಯನ್ನು ನಾನು ಯಾವ ಸಲಹಾ ಸಂಸ್ಥೆಯ ವರದಿಯಲ್ಲೂ ಓದಿಲ್ಲ: ನಡುವಿನವನನ್ನು ತೆಗೆಯಿರಿ, ಸಂಬಳ ನಮ್ಮ ಖಾತೆಗೆ ಹಾಕಿ, ಹಾಜರಿ ನಮ್ಮೆದುರು ತೆಗೆಯಿರಿ, ನಮ್ಮನ್ನು ನಿಮ್ಮ ನೌಕರರೆಂದು ಒಪ್ಪಿಕೊಳ್ಳಿ. 2017–18ರಲ್ಲಿ ಗುತ್ತಿಗೆ ಹೋಗಿ ನೇರ ಪಾವತಿ ಬಂತು.

ಬಂದ ರೀತಿಯನ್ನು ಮಾತ್ರ ಮರೆಯಬಾರದು. ಹಳೆಯ ಪಟ್ಟಿಯಿಂದ ಹೊಸ ಪಟ್ಟಿಗೆ, ಪುಸ್ತಕದಿಂದ ಬಯೋಮೆಟ್ರಿಕ್‌ಗೆ ದಾಟುವಾಗ ಅನೇಕರ ಹೆಸರು ನಡುವೆಲ್ಲೋ ಸಿಕ್ಕಿಕೊಂಡಿತು. ಗುಡಿಸುವುದು ಒಂದು ದಿನವೂ ನಿಲ್ಲಲಿಲ್ಲ, ಸಂಬಳ ನಿಂತಿತು. 2018ರ ಜುಲೈನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ಪೌರಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ವಿಚಾರಸಂಕಿರಣದ ಭಾಷೆಯಲ್ಲಿ ಇದಕ್ಕೆ ‘ಸಂಕ್ರಮಣ ಕಾಲದ ತೊಡಕು’ ಎನ್ನುತ್ತಾರೆ. ಕೆಳಗಿನವರು ಕೇಳಿದ ಬದಲಾವಣೆಯನ್ನು ಮೇಲಿನವರು ತಮ್ಮ ಅಭ್ಯಾಸದಂತೆ, ಕೆಳಗಿನವರನ್ನು ಕೇಳದೆ ಜಾರಿ ಮಾಡಿದರೆ ಹೀಗಾಗುತ್ತದೆ. ಪಟ್ಟಿ ತಯಾರಿಸುವಾಗ ಪ್ರತಿ ವಾರ್ಡಿನ ಇಬ್ಬರು ಕಾರ್ಮಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ, ಯಾರು ನಿಜಕ್ಕೂ ಕೆಲಸ ಮಾಡುತ್ತಾರೆ, ಯಾರು ಬರೀ ಹೆಸರು ಎಂದು ಅರ್ಧ ದಿನದಲ್ಲಿ ಹೇಳುತ್ತಿದ್ದರು.

2022ರ ಜುಲೈ 1ರಿಂದ ರಾಜ್ಯದಾದ್ಯಂತ ಮತ್ತೆ ಮುಷ್ಕರ. ಕಾಯಂ ಮಾಡುವ ಭರವಸೆ ಸಿಕ್ಕಿತು. 2025ರ ಮೇ 1ರಂದು, ಕಾರ್ಮಿಕ ದಿನದಂದೇ, ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ನೇಮಕಾತಿ ಆದೇಶ ಕೊಟ್ಟರು.

ಕ್ಷೇತ್ರಕಾರ್ಯಕ್ಕೆಂದು ನಮ್ಮ ಕಡೆಯ ಒಂದು ಮಸ್ಟರಿಂಗ್ ಕೇಂದ್ರಕ್ಕೆ ಬೆಳಗಿನ ಆರಕ್ಕೆ ಹೋಗಿ ನಿಲ್ಲುತ್ತಿದ್ದೆ. ಮಸ್ಟರಿಂಗ್ ಕೇಂದ್ರ ಎಂದರೆ ಏನೋ ಎಂದುಕೊಳ್ಳಬೇಡಿ. ಒಂದು ಅರಳಿಮರ, ಒಂದು ಟ್ರಾನ್ಸ್‌ಫಾರ್ಮರ್, ನಡುವೆ ನಿಲ್ಲುವಷ್ಟು ಜಾಗ. ಬಟ್ಟೆ ಬದಲಿಸಲು ಮರೆಯಿಲ್ಲ, ಶೌಚಾಲಯ ಇಲ್ಲವೇ ಇಲ್ಲ. ಅಲ್ಲಿ ಐವತ್ತರ ಆಸುಪಾಸಿನ ಒಬ್ಬರನ್ನು, “ಅಕ್ಕ, ಕಾಯಂ ಆದ್ಮೇಲೆ ಏನು ಬದಲಾಯ್ತು?” ಎಂದು ಕೇಳಿದೆ. ಸಂಬಳ ಎನ್ನುತ್ತಾರೆ, ಪಿಂಚಣಿ ಎನ್ನುತ್ತಾರೆ ಎಂದುಕೊಂಡಿದ್ದೆ. “ಮೊದ್ಲು ಬುಕ್ಕು ಕಂಟ್ರಾಕ್ಟ್ರು ಹತ್ರ ಇರ್ತಿತ್ತು ಮೇಡಂ. ಅವ್ನು ಬರ್ದಿದ್ದೇ ಹಾಜ್ರಿ. ಎದ್ರು ಮಾತಾಡಿದ್ರೆ ನಾಳೆಯಿಂದ ಬರ್ಬೇಡ ಅನ್ನೋನು. ಈಗ ಬರ್ಬೇಡ ಅನ್ಬೇಕಾದ್ರೆ ಕಾಗ್ದದಲ್ಲಿ ಬರ್ದು ಕೊಡ್ಬೇಕಲ್ವಾ?” ಎಂದರು. ಅಷ್ಟು ಹೇಳಿ ಪೊರಕೆಗೆ ಕೋಲು ಬಿಗಿದುಕೊಂಡು ಹೊರಟರು. ನನ್ನ ಪ್ರಬಂಧದ ಎರಡನೇ ಅಧ್ಯಾಯ ನಲವತ್ತು ಪುಟ ಸುತ್ತಿ ಬಂದು ತಲುಪುವುದೂ ಇಲ್ಲಿಗೇ.

ಸಂಸ್ಥೆಯೊಂದು ಬದಲಾಯಿತೇ ಇಲ್ಲವೇ ಎಂದು ನೋಡಲು ಇದೇ ಅಳತೆ ಸಾಕು: ಪುಸ್ತಕ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತೇ? 2000ರಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಬಂದಾಗ ಆದದ್ದೂ ಅದೇ. ಅಲ್ಲಿಯವರೆಗೆ ಮನೆಗೆ ಎಷ್ಟು ತೆರಿಗೆ ಎಂದು ಬರೆಯುವ ಪೆನ್ನು ಪಾಲಿಕೆ ಸಿಬ್ಬಂದಿಯ ಕೈಯಲ್ಲಿತ್ತು, ಆಮೇಲೆ ಮನೆಯವರ ಕೈಗೆ ಬಂತು. ಲೆಕ್ಕ ಹಾಕುವ ಸೂತ್ರ ಬದಲಾಗಿರಬಹುದು, ಪದ್ಧತಿ ಮಾತ್ರ ಇವತ್ತಿಗೂ ಉಳಿದಿದೆ. ಅದೇ ಕಾಲದಲ್ಲಿ ಎಸ್.ಎಂ. ಕೃಷ್ಣ ಸರ್ಕಾರ 1999ರಲ್ಲಿ ಕಟ್ಟಿದ, ನಂದನ್ ನಿಲೇಕಣಿ ಮುಂದಾಳತ್ವದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಕೂಡ ಇತ್ತು. ಬುದ್ಧಿವಂತರಿದ್ದರು, ದುಡ್ಡಿತ್ತು, ಒಳ್ಳೆಯ ಉದ್ದೇಶವೂ ಇತ್ತು. ಆದರೆ ಅದು ನಿಂತದ್ದು ಮುಖ್ಯಮಂತ್ರಿಯ ಒಲವಿನ ಮೇಲೆ. 2004ರಲ್ಲಿ ಸರ್ಕಾರ ಹೋಯಿತು, ಟಾಸ್ಕ್ ಫೋರ್ಸ್ ಅದರ ಹಿಂದೆಯೇ ಹೋಯಿತು. ಬೆಂಗಳೂರಿಗೆ ಹೊರಗಿನಿಂದ ಜಾಣರನ್ನು ಕರೆತಂದರೆ ಸಾಕು ಎಂಬ ಹಂಬಲ ಮಾತ್ರ ಹೋಗಲಿಲ್ಲ.

ಹಾಗಾದರೆ ಐದು ಪಾಲಿಕೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಯಲಹಂಕದ ಮುದುಕರೊಬ್ಬರು ಖಾತಾ ಕೆಲಸಕ್ಕೆ ಎರಡು ಬಸ್ಸು ಹತ್ತಿ ಇಳಿಯಬಾರದು. ಹೆಬ್ಬಾಳದ ಒಂದೇ ಜಂಕ್ಷನ್‌ನಲ್ಲಿ ಫ್ಲೈಓವರ್ ಬಿಡಿಎದು, ವಿಮಾನ ನಿಲ್ದಾಣದ ಹೆದ್ದಾರಿ ಇನ್ನೊಬ್ಬರದು, ಮೆಟ್ರೊ ಮತ್ತೊಬ್ಬರದು ಎನ್ನುವ ಸ್ಥಿತಿಯಲ್ಲಿ ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಪ್ರಾಧಿಕಾರವೂ ಬೇಕಿರಬಹುದು. ಆದರೆ ಆ ಮೇಜಿನ ತಲೆಯಲ್ಲಿ ಮುಖ್ಯಮಂತ್ರಿಯೇ ಕೂತರೆ, ಮುಂದೆ ಆರಿಸಿ ಬರುವ ಮೇಯರ್ ಪಾಲಿಗೆ ಉಳಿಯುವುದೇನು? 1992ರ 74ನೇ ತಿದ್ದುಪಡಿ ನಗರಗಳಿಗೆ ಅಧಿಕಾರ ಇಳಿಸಿ ಎಂದಿತ್ತು. ನಾವು ಪಾಲಿಕೆಯನ್ನು ಐದು ಮಾಡಿ ಪುಸ್ತಕವನ್ನು ವಿಧಾನಸೌಧಕ್ಕೆ ಒಯ್ದಿದ್ದೇವೆ.

ಕೆಳಗಿನ ಸಿಬ್ಬಂದಿ ಬದಲಾವಣೆಯನ್ನು ವಿರೋಧಿಸುತ್ತಾರೆ ಎಂಬ ಇನ್ನೊಂದು ಮಾತಿದೆ. ವಿರೋಧಿಸುವವರು ಇದ್ದಾರೆ, ಲಂಚದ ರುಚಿ ಹತ್ತಿದವರು ಖಂಡಿತ ಇದ್ದಾರೆ. ಅವರ ಪರವಾಗಿ ನನ್ನದೇನೂ ವಕಾಲತ್ತಿಲ್ಲ. ಆದರೆ ಒಂದು ವಾರ್ಡ್ ಕಚೇರಿಯಲ್ಲಿ ನಾನು ಕಂಡ ದ್ವಿತೀಯ ದರ್ಜೆ ಸಹಾಯಕರೊಬ್ಬರು ಬೆಳಿಗ್ಗೆ ತೆರಿಗೆ, ಮಧ್ಯಾಹ್ನ ಸಮೀಕ್ಷೆ, ಸಂಜೆ ಮತದಾರರ ಪಟ್ಟಿ ನೋಡುತ್ತಿದ್ದರು. ಹೊಸ ತಂತ್ರಾಂಶ ಬಂದಾಗ ಹಳೆಯ ರಿಜಿಸ್ಟರ್ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲವಂತೆ. ಆದ್ದರಿಂದ ಎರಡರಲ್ಲೂ ಬರೆಯುತ್ತಾರೆ. ಅವರನ್ನು ‘ಬದಲಾವಣೆಗೆ ಒಗ್ಗದವರು’ ಎನ್ನುವ ಮೊದಲು ಅವರ ಮೇಜಿನ ಪಕ್ಕ ಒಂದು ದಿನ ಕೂತು ನೋಡಲಿ. ಹುದ್ದೆ ಖಾಲಿ ಬಿಟ್ಟು, ಇರುವವರ ತಲೆಗೆ ಮೂರು ಟೋಪಿ ಹಾಕಿ, ಆಮೇಲೆ ಪ್ರೇರಣಾ ಉಪನ್ಯಾಸ ಕೊಡಿಸುವುದಕ್ಕಿಂತ ದೊಡ್ಡ ಅವಮಾನ ನನಗೆ ತೋಚುತ್ತಿಲ್ಲ.

ಹೊಸ ಪಾಲಿಕೆಗಳಿಗೆ ಮಾಡಲು ಕೆಲಸ ಬೇಕಿದ್ದರೆ ಸಿದ್ಧವಾಗಿಯೇ ಇದೆ. ಮೇ 1ರ ಆದೇಶ ಬೀದಿ ಗುಡಿಸುವವರಿಗೆ ಬಂತು. ಮನೆ ಮನೆಯ ಕಸ ಎತ್ತುವ ಆಟೊ ಚಾಲಕರು, ಹಿಂದೆ ನೇತಾಡಿಕೊಂಡು ಹೋಗುವ ಸಹಾಯಕರು, ಲೋಡರ್‌ಗಳು ಆ ಪಟ್ಟಿಯಲ್ಲಿರಲಿಲ್ಲ. ಅವರ ಹಾಜರಿ ಇನ್ನೂ ಗುತ್ತಿಗೆದಾರರ ಪುಸ್ತಕದಲ್ಲಿ. ಗುಡಿಸಿದ ರಾಶಿಯನ್ನು ಕಾಯಂ ನೌಕರರು ಆಟೊ ಪಕ್ಕಕ್ಕೆ ತಂದಿಡುತ್ತಾರೆ, ಅದನ್ನು ಎತ್ತಿ ಹಾಕಿಕೊಳ್ಳುವವನ ಹೆಸರು ಪಾಲಿಕೆಗೆ ಗೊತ್ತಿಲ್ಲ. ಉತ್ತರ ಪಾಲಿಕೆಯ ಮೊದಲ ಚುನಾಯಿತ ಸಭೆ ಸೇರುವ ದಿನ ಹೊಸ ಲಾಂಛನದ ಬಗ್ಗೆ ಚರ್ಚೆಯಾಗಬಹುದು. ಅದಕ್ಕೂ ಮೊದಲು ಯಾರಾದರೂ ಒಬ್ಬ ಸದಸ್ಯೆ ಎದ್ದು ನಿಂತು ಆ ಪುಸ್ತಕ ತರಿಸಿ ಎಂದು ಕೇಳಲಿ.