ಮಾತ್ರೆ ನುಂಗಿದ ರಾತ್ರಿ ಬಂದ ಜ್ವರ

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಕಲಬುರಗಿ ಸೀಮೆಯ ಬೀಗರೊಬ್ಬರು ಮದುವೆಯ ಕರೆಯೋಲೆ ಕೊಡಲು ಬಂದಿದ್ದರು. ಊಟ ಮುಗಿದು ಎಲೆಯಡಿಕೆಯ ತಟ್ಟೆ ಬರುವ ಹೊತ್ತಿಗೆ ಮಾತು ಆನೆಕಾಲು ರೋಗದ ಮಾತ್ರೆಗಳತ್ತ ಹೊರಳಿತು. “ಗಟ್ಟಿಮುಟ್ಟಾಗಿದ್ದವನಿಗೆ ಮಾತ್ರೆ ನುಂಗಿಸಿದರು, ಅಂದು ರಾತ್ರಿಯೇ ಚಳಿಜ್ವರ ಹಿಡಿಯಿತು. ಮರುವರ್ಷ ಅವರು ಬಂದಾಗ ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಟ್ಟೆ” ಎಂದು ನಗುತ್ತ ಹೇಳಿದರು. ನಾವೂ ನಕ್ಕೆವು. ಅವರಿಗೆ ಬಸ್ಸಿನ ಅವಸರವಿದ್ದುದರಿಂದ ಆ ಜ್ವರದ ಅರ್ಥವನ್ನು ವಿವರಿಸಲು ಅಂದು ಆಗಲಿಲ್ಲ.

ಈ ರೋಗಕ್ಕೆ ಕಾರಣ ವುಚರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂತಹ ಹುಳು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಒಬ್ಬರಿಂದೊಬ್ಬರಿಗೆ ಸಾಗಿಸುತ್ತದೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಕೆಲವು ಭಾಗಗಳು ಬಹುಕಾಲ ಇದರ ನೆಲೆಗಳಾಗಿದ್ದವು. ದಾವಣಗೆರೆಗೆ ಆ ಕಾಟವಿರಲಿಲ್ಲವಾದರೂ ಆ ಸೀಮೆಯೊಡನೆ ನಮ್ಮ ಕೊಳುಕೊಡೆ ಹಳೆಯದು.

ಹೆಣ್ಣುಹುಳು ಎಂಟು-ಹತ್ತು ಸೆಂಟಿಮೀಟರ್ ಉದ್ದವಿರುತ್ತದೆ. ಅದು ಮನೆ ಮಾಡುವುದು ದುಗ್ಧರಸದ ನಾಳಗಳಲ್ಲಿ, ಅಂದರೆ ದೇಹವನ್ನು ಕಾಯುವ ಬಿಳಿ ರಕ್ತಕಣಗಳು ನಿತ್ಯ ಓಡಾಡುವ ಹಾದಿಯಲ್ಲಿಯೇ! ಪೊಲೀಸ್ ಠಾಣೆಯ ಪಡಸಾಲೆಯಲ್ಲಿ ಕಳ್ಳ ಸಂಸಾರ ಹೂಡಿದಂತೆ ಐದಾರು ವರ್ಷ ಬಾಳಿ, ಲಕ್ಷಾಂತರ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಇಷ್ಟಾದರೂ ಅದು ಸಿಕ್ಕಿಬೀಳದಿರುವುದು ಹೇಗೆ?

ರಕ್ಷಕ ಕಣಗಳು ಪರಸ್ಪರ ಸುದ್ದಿ ಮುಟ್ಟಿಸುವುದು ರಾಸಾಯನಿಕ ಸಂಕೇತಗಳಿಂದ. ಪರಕೀಯ ವಸ್ತುವನ್ನು ಹಿಡಿದ ಕಣವು ಅದರ ತುಣುಕನ್ನು ‘ಟಿ’ ಕಣಕ್ಕೆ ತೋರಿಸುತ್ತದೆ. ಅದು ಉಳಿದವನ್ನು ಕಾಳಗಕ್ಕೆ ಎಬ್ಬಿಸುತ್ತದೆ. ಉರಿಯೂತ ಮಿತಿಮೀರದಂತೆ ‘ಸಾಕು, ನಿಲ್ಲಿಸು’ ಎನ್ನುವ ಸಂಕೇತಗಳನ್ನೂ ದೇಹ ಇರಿಸಿಕೊಂಡಿದೆ, ಇಂಟರ್‌ಲ್ಯೂಕಿನ್-10 ಅಂಥದೊಂದು. ರಕ್ತದಲ್ಲಿ ಹುಳುವಿನ ಮರಿಗಳಿರುವವರಲ್ಲಿ ಈ ತಡೆಯ ಸಂಕೇತವೇ ಮೇಲುಗೈ ಪಡೆಯುತ್ತದೆ. ಕಾದಬೇಕಾದ ‘ಟಿ’ ಕಣಗಳು ಆ ಹುಳುವಿನ ಮಟ್ಟಿಗೆ ಮೌನ ತಾಳುತ್ತವೆ. ಇದೇ ಕುಲದ, ಇಲಿಜಾತಿಯ ಪ್ರಾಣಿಗಳಲ್ಲಿ ವಾಸಿಸುವ ಇನ್ನೊಂದು ಹುಳು ಸ್ರವಿಸುವ ಇ.ಎಸ್.-62 ಎಂಬ ಪ್ರೋಟೀನನ್ನು ಸ್ಕಾಟ್ಲೆಂಡಿನ ವಿಜ್ಞಾನಿಗಳು ದೀರ್ಘಕಾಲ ಅಭ್ಯಸಿಸಿದ್ದಾರೆ. ಕಣದ ಹೊರಮೈಗೆ ತಲುಪಿದ ಎಚ್ಚರಿಕೆ ಒಳಗೆ ಸಾಗದಂತೆ ಅದು ನಡುದಾರಿಯಲ್ಲಿ ತಡೆಯುತ್ತದೆ. ಬಾಗಿಲ ಗಂಟೆಯ ಗುಂಡಿ ಹಾಗೆಯೇ ಇದೆ, ಒಳಗಿನ ತಂತಿ ಮಾತ್ರ ತುಂಡಾಗಿದೆ ಎನ್ನಿ.

ಆದ್ದರಿಂದಲೇ ಹುಳುವನ್ನು ಹೊತ್ತವರಲ್ಲಿ ಅನೇಕರಿಗೆ ಜ್ವರವಿಲ್ಲ, ನೋವಿಲ್ಲ. ‘ಗಟ್ಟಿಮುಟ್ಟಾಗಿದ್ದೇನೆ’ ಎಂಬ ಅವರ ನಂಬಿಕೆ ಒಂದರ್ಥದಲ್ಲಿ ಹುಳುವೇ ಒದಗಿಸಿದ ನೆಮ್ಮದಿ. ನಾಳಗಳು ಹಿಗ್ಗಿ ಕೆಟ್ಟು ಕಾಲು ಬಾತುಕೊಳ್ಳುವುದು ವರ್ಷಗಳ ಬಳಿಕ. ಆಮೇಲೆ ಮಾತ್ರೆಯಿಂದ ಆ ಕಾಲು ಮೊದಲಿನಂತಾಗದು. ಸೋಪು ನೀರಿನಿಂದ ನಿತ್ಯ ತೊಳೆದು, ಒರೆಸಿ, ಗಾಯವಾಗದಂತೆ ಕಾಯ್ದುಕೊಳ್ಳುವುದೇ ಆಗ ಉಳಿದ ಉಪಾಯ.

ಈಗ ಬೀಗರ ಜ್ವರಕ್ಕೆ ಬರೋಣ. ಡಿ.ಇ.ಸಿ. ಮಾತ್ರೆ ರಕ್ತದಲ್ಲಿರುವ ಮರಿಗಳನ್ನು ಕೊಲ್ಲುತ್ತದೆ. ಸತ್ತ ಮರಿಗಳ ಒಡಲಿನಿಂದ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾಗಳು ಹೊರಚೆಲ್ಲುತ್ತವೆ. ಅಲ್ಲಿಯವರೆಗೆ ಮೌನವಾಗಿದ್ದ ರಕ್ಷಣಾ ವ್ಯವಸ್ಥೆ ಒಮ್ಮೆಲೆ ಎಚ್ಚೆತ್ತು ಕೂಗೆಬ್ಬಿಸುತ್ತದೆ: ಚಳಿ, ಜ್ವರ, ಮೈಕೈನೋವು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಅಂದರೆ ಮಾತ್ರೆ ತಂದ ರೋಗವೆಂದು ಅವರು ಬಗೆದದ್ದು, ಒಳಗೆ ಮರಿಗಳಿದ್ದ ಕುರುಹಾಗಿದ್ದ ಸಂಭವವೇ ಹೆಚ್ಚು. ಇಂಥ ಜ್ವರದ ಸುದ್ದಿ ಓಣಿಯಲ್ಲಿ ಹಬ್ಬಿ ಎಷ್ಟು ಮನೆಗಳ ಬಾಗಿಲು ಮುಚ್ಚಿಸಿತೋ!

ನಮ್ಮ ದೇಶದಲ್ಲಿ ವರ್ಷಕ್ಕೊಮ್ಮೆ ಈ ಮಾತ್ರೆಯನ್ನು ಸಾಮೂಹಿಕವಾಗಿ ನೀಡುವ ಕಾರ್ಯ 2004ರಲ್ಲಿ ಆರಂಭವಾಯಿತು; 2007ರಿಂದ ಅಲ್ಬೆಂಡಜೋಲ್ ಜೊತೆಗೂಡಿತು. ಯಾದಗಿರಿಯಲ್ಲಿ ಮುಂದೆ ಐವರ್‌ಮೆಕ್ಟಿನ್ ಎಂಬ ಮೂರನೆಯ ಮಾತ್ರೆಯೂ ಸೇರಿತು. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಕೂಸುಗಳಿಗೆ, ತೀವ್ರ ಕಾಯಿಲೆಯವರಿಗೆ ಇವನ್ನು ಕೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು.

ಹುಳುವಿನ ಮರಿಗಳು ಹೊರರಕ್ತಕ್ಕೆ ಬರುವುದು ಬಹುಪಾಲು ರಾತ್ರಿ ಹತ್ತರಿಂದ ಎರಡು ಗಂಟೆಯ ನಡುವೆ. ಆ ಸೊಳ್ಳೆ ಕಚ್ಚುವುದೂ ರಾತ್ರಿಯಲ್ಲಿಯೇ. ಆದುದರಿಂದ ರಾತ್ರಿ ವೇಳೆಯ ರಕ್ತಪರೀಕ್ಷೆ ಮಾಡಿಸಿಕೊಳ್ಳಿರೆಂದು ಬೀಗರಿಗೆ ಪತ್ರ ಹಾಕಿದ್ದೇನೆ. ಒಂದೇ ಸೂರಿನಡಿ ಮಲಗುವ ಅವರ ಮಡದಿ ಮಕ್ಕಳ ಹೆಸರನ್ನೂ ಅದರಲ್ಲಿ ಸೇರಿಸಿದ್ದೇನೆ. ಮದುವೆಗೆ ಹೋದಾಗ ಉತ್ತರ ಕೇಳಬೇಕು.