ಬಾಲ್‌ಪಾರ್ಕ್ ಇಲ್ಲದ ಊರಿಗಾಂ

"ಒಂದು ಬಾಲ್‌ಪಾರ್ಕ್ ನಂಬರ್ ಹೇಳಿಬಿಡಿ ಸಾಕು." ಸಾಫ್ಟ್‌ವೇರ್ ಕೆಲಸದಲ್ಲಿ ಇರೋರ ಕಿವಿಗೆ ಈ ಮಾತು ವಾರಕ್ಕೆ ನಾಲ್ಕು ಸಲವಾದರೂ ಬೀಳುತ್ತೆ. ಸುಮಾರು ಎಷ್ಟು ದಿನದ ಕೆಲಸ, ಅಂದಾಜು ಕೊಡಿ ಅಂತ ಅರ್ಥ. "ಶುಕ್ರವಾರ ಟಚ್ ಬೇಸ್ ಮಾಡೋಣ" ಅಂತಾರೆ, "ಕ್ಲೈಂಟ್ ಕರ್ವ್‌ಬಾಲ್ ಎಸೆದ" ಅಂತಾರೆ. ಎಲ್ಲವೂ ಬೇಸ್‌ಬಾಲಿನ ಮಾತುಗಳೇ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮೈದಾನಕ್ಕೇ ಬಾಲ್‌ಪಾರ್ಕ್ ಅನ್ನೋದು. ಆ ಆಟದ ಒಂದು ಚೆಂಡನ್ನೂ ಕೈಯಲ್ಲಿ ಹಿಡಿಯದ ನಾವು ಅದರ ಭಾಷೆಯಲ್ಲಿ ಸಂಬಳ ದುಡೀತಾ ಇದ್ದೀವಿ.

ಕ್ಯಾಲಿಫೋರ್ನಿಯಾದಲ್ಲಿ ಕೂತು ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ನಾನು ಕೆಜಿಎಫ್‌ನವನು, ಊರಿಗಾಂ ಸ್ಟೇಷನ್ ಹತ್ತಿರ ಮನೆ ಅಂತ ಹೇಳಿದೆ. ಚಿನ್ನದ ಗಣಿ ಊರು ಅಂತ ತಿಳಿದದ್ದೇ ಅವರು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಬೇಸ್‌ಬಾಲ್ ಟೀಮ್ ಇತ್ತಾ?" ಅವರ ಕಡೆ ಗಣಿ ಊರು ಅಂದರೆ ಬೇಸ್‌ಬಾಲ್ ತಂಡ ಇರಲೇಬೇಕಂತೆ. ನಗು ಬಂತು. ಆಮೇಲೆ ಯೋಚಿಸಿದರೆ, ಪ್ರಶ್ನೆ ಅಷ್ಟು ಹಗುರಾದದ್ದೇನೂ ಅಲ್ಲ. ನಮ್ಮಲ್ಲಿ ಕ್ರಿಕೆಟ್, ಹಾಕಿ, ಫುಟ್‌ಬಾಲ್, ಟೆನಿಸ್ ಬಂತು, ನೀರಿಗೆ ಪರದಾಡುವ ಊರಿನಲ್ಲಿ ಗಾಲ್ಫ್ ಕೂಡ ಬಂತು. ಬೇಸ್‌ಬಾಲ್ ಮಾತ್ರ ಯಾಕೆ ಬೇರು ಬಿಡಲಿಲ್ಲ?

ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ ಅನ್ನೋ ಊರು ಒಂಥರಾ ನಮ್ಮೂರಿನ ದಾಯಾದಿ. ಅಲ್ಲಿಯ ಎಂಪೈರ್ ಗಣಿ 1850ರಲ್ಲಿ ಶುರುವಾಗಿ 1956ರಲ್ಲಿ ಮುಚ್ಚಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು ಸೊರಗಿದಾಗ ಅಲ್ಲಿಯ ಗಣಿಗಾರರು ಕೆಲಸ ಹುಡುಕಿ ಪ್ರಪಂಚವೆಲ್ಲ ಹರಡಿದರು. ಗ್ರಾಸ್ ವ್ಯಾಲಿಗೂ ಅವರೇ ಹೋದರು, ನಮ್ಮ ಕೋಲಾರದ ಗಣಿಗಳಿಗೂ ಅವರೇ ಬಂದರು. ಅದೇ ಜನ, ಅದೇ ಕಸುಬು, ಬಂಡೆ ಕೊರೆಯುವ ವಿದ್ಯೆಯೂ ಅದೇ. ಆದರೆ ಅಲ್ಲಿ ಹೋದವರ ಮಕ್ಕಳು ಬೇಸ್‌ಬಾಲ್ ಆಡುತ್ತಾ ಬೆಳೆದರು, ಇಲ್ಲಿ ಬಂದವರು ಕ್ರಿಕೆಟ್ ಆಡಿದರು.

ಇನ್ನೂ ಮಜಾ ಇರೋದು ಮೆಕ್ಸಿಕೊದಲ್ಲಿ. 1880ರಿಂದ ನಮ್ಮ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಅಂತ ಕೆಜಿಎಫ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆ ಮನೆತನದ ಹಿರಿಯ ಜಾನ್ ಟೇಲರ್ 1824ರಲ್ಲೇ ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆ ಬೆಳ್ಳಿ ಗಣಿಗಳಿಗೆ ಕೈಹಾಕಿದ್ದವನು. ಅಲ್ಲಿಗೂ ಕಾರ್ನ್‌ವಾಲ್ ಜನ ಹೋದರು. ಕಂಪನಿ ನಷ್ಟಕ್ಕೆ ಬಿದ್ದು ಕೈಬಿಟ್ಟರೂ ಬಂದವರಲ್ಲಿ ಎಷ್ಟೋ ಮಂದಿ ಅಲ್ಲೇ ಉಳಿದರು. ಅವರ ಪೇಸ್ಟಿ ಅನ್ನೋ ತಿಂಡಿ, ನಮ್ಮ ಕರಿಗಡುಬಿನ ಆಕಾರದಲ್ಲಿ ಮಾಂಸ, ಆಲೂಗಡ್ಡೆ ತುಂಬಿದ್ದು, ಇವತ್ತಿಗೂ ಅಲ್ಲಿ ಪಾಸ್ಟೆ ಅನ್ನೋ ಹೆಸರಲ್ಲಿ ಮಾರಾಟ ಆಗುತ್ತೆ. ಅವರ ಫುಟ್‌ಬಾಲೂ ಉಳಿಯಿತು. ಪಕ್ಕದ ಪಚೂಕಾ ನಗರವನ್ನು ಮೆಕ್ಸಿಕೊದವರು ತಮ್ಮ ಫುಟ್‌ಬಾಲಿನ ತೊಟ್ಟಿಲು ಅಂತಲೇ ಕರೀತಾರೆ. ಅದೇ ದೇಶದ ಉತ್ತರಕ್ಕೆ, ಅಮೆರಿಕದ ಗಡಿಗೆ ಅಂಟಿಕೊಂಡ ಸೊನೊರಾ ಕಡೆಗೆ ಹೋದರೆ ಬೇಸ್‌ಬಾಲಿನದೇ ದರ್ಬಾರು. ಅಲ್ಲಿ ಗಣಿ ತೆಗೆದವರೂ ರೈಲು ಹಾಕಿದವರೂ ಅಮೆರಿಕನ್ನರು.

ಬೇಸ್‌ಬಾಲಿಗೂ ಚಿನ್ನಕ್ಕೂ ಹಳೇ ನಂಟಿದೆ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ಈ ಆಟಕ್ಕೆ ನಿಯಮ ಬರೆದಾಗ ಅದರಲ್ಲಿದ್ದ ಅಲೆಕ್ಸಾಂಡರ್ ಕಾರ್ಟ್‌ರೈಟ್ 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಗಂಟುಮೂಟೆ ಕಟ್ಟಿದವನು. ಅಲ್ಲಿಂದ ಹವಾಯಿಗೆ ಹೋಗಿ ನೆಲೆಸಿದ. 1872ರಲ್ಲಿ ಹೊರೇಸ್ ವಿಲ್ಸನ್ ಅನ್ನೋ ಅಮೆರಿಕದ ಮೇಷ್ಟ್ರು ಟೋಕಿಯೊದ ಹುಡುಗರಿಗೆ ಬೇಸ್‌ಬಾಲ್ ಕಲಿಸಿದ. ಜಪಾನಿಗೆ ಅದು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಒಬ್ಬ ಮೇಷ್ಟ್ರು ಸಾಕಾಯಿತು ನೋಡಿ.

ನಮ್ಮ ಹತ್ತಿರಕ್ಕೂ ಅದು ಬಂದಿತ್ತು. ಆಟದ ಸಾಮಾನು ಮಾರುತ್ತಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಎರಡು ಅಮೆರಿಕನ್ ತಂಡಗಳನ್ನು ಕಟ್ಟಿಕೊಂಡು ವಿಶ್ವ ಪ್ರವಾಸ ಹೊರಟ. ಆಸ್ಟ್ರೇಲಿಯಾ ಮುಗಿಸಿ 1889ರ ಜನವರಿಯಲ್ಲಿ ಕೊಲಂಬೊದಲ್ಲಿ ಆಡಿಸಿದ. ಮುಂದಿನ ತಿಂಗಳು ಈಜಿಪ್ಟಿನ ಪಿರಮಿಡ್ಡುಗಳ ಎದುರು ಆಟ. ನಡುವೆ ಇದ್ದ ಭಾರತಕ್ಕೆ ಕಾಲಿಡಲಿಲ್ಲ. ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ. ನಾಲ್ಕು ದಿನ ಇದ್ದು ಹೋಗುವವರಿಂದ ಆಟ ಊರಲ್ಲಿ ಉಳಿಯಲ್ಲ.

ಇದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ನಮ್ಮ ಗಣಿಗಳಿಗೆ ಕರೆಂಟ್ ಕೊಟ್ಟರು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಪ್ರಪಂಚವೇ ತಿರುಗಿ ನೋಡುವಂಥ ಕೆಲಸ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆ ಯೋಜನೆಗೆ ಓಡಾಡಿದ ಎಂಜಿನಿಯರ್ ಡಿ ಲಾಟ್‌ಬಿನಿಯರ್ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು. ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು, ಜೊತೆಗೆ ಅಮೆರಿಕದ ಎಂಜಿನಿಯರುಗಳೂ ಬಂದರು. ಅಂದರೆ ಬೇಸ್‌ಬಾಲ್ ಗೊತ್ತಿದ್ದ ದೇಶದ ಜನ ನಮ್ಮ ರಾಜ್ಯದ ನೆಲ ಮೆಟ್ಟಿದ್ದಾರೆ. ಅವರು ಕರೆಂಟ್ ಕೊಟ್ಟರು, ಆಟ ಕೊಡಲಿಲ್ಲ. ಮೈದಾನ, ಕ್ಲಬ್ಬು, ಸಂಜೆಯ ಹೊತ್ತು ಎಲ್ಲ ಇಂಗ್ಲಿಷರ ಕೈಯಲ್ಲಿತ್ತು. ಆಟ ಯಾವುದು ಅಂತ ತೀರ್ಮಾನಿಸೋದು ಮೈದಾನ ಯಾರದ್ದೋ ಅವರು.

ನನ್ನ ತಾತ ಮುಳಬಾಗಿಲು ಕಡೆಯಿಂದ ಬಂದು ಗಣಿ ಸೇರಿದ ಮನೆಯವರು. ಹುಡುಗನಾಗಿದ್ದಾಗ ದೊರೆಗಳು ಗಾಲ್ಫ್ ಆಡುವ ಕಡೆ ಪೊದೆಯೊಳಗೆ ಬಿದ್ದ ಚೆಂಡು ಹುಡುಕಿಕೊಟ್ಟು ಕಾಸು ತರುತ್ತಿದ್ದರಂತೆ. "ಚೆಂಡು ಮುಟ್ಟಬೋದು ಕಣಪ್ಪ, ಕೋಲು ಮುಟ್ಟಂಗಿಲ್ಲ" ಅಂತ ಅವರು ಹೇಳುವಾಗ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ನನಗೆ ಕೇಳಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಸಾವಿರಾರು ಅಡಿ ಕೆಳಗಿಳಿದು ಬಂಡೆ ಒಡೆಯುವವರ ಮಕ್ಕಳಿಗೆ ಮೇಲಿನ ಹುಲ್ಲಿನ ಮೇಲೆ ಅಷ್ಟೇ ಹಕ್ಕು.

ಹಾಗಂತ ಲೈನ್ ಮನೆಗಳ ಹುಡುಗರು ಸುಮ್ಮನೆ ಕೂತಿರಲಿಲ್ಲ. ಒಂದು ಉದ್ದ ಕೋಲು, ಎರಡೂ ತುದಿ ಚೂಪು ಮಾಡಿದ ಒಂದು ಚಿಕ್ಕ ಕಟ್ಟಿಗೆ ತುಂಡು. ನಾವು ಗಿಲ್ಲಿ ದಾಂಡು ಅಂದರೆ ಎದುರು ಮನೆಯ ತಮಿಳು ಹುಡುಗ ಕಿಟ್ಟಿಪುಳ್ಳು ಅಂತಿದ್ದ, ಮೂಲೆ ಮನೆಯ ತೆಲುಗು ಹುಡುಗ ಬಿಳ್ಳಂಗೋಡು ಅಂತಿದ್ದ. ಹೆಸರು ಮೂರು, ಜಗಳ ಒಂದೇ. ಬೇಸ್‌ಬಾಲಿನಲ್ಲಿ ಇರೋದು ಇದೇ ಸುಖ ಅಲ್ಲವಾ? ಗಾಳಿಯಲ್ಲಿರೋದನ್ನ ಬೀಸಿ ಹೊಡೆಯೋದು, ಎದುರಿನವರು ಹಿಡಿದರೆ ಔಟ್.

ಬೇಸ್‌ಬಾಲ್ ದುಬಾರಿ ಆಟ, ಅದಕ್ಕೇ ಬರಲಿಲ್ಲ ಅನ್ನೋರಿದ್ದಾರೆ. ಫೀಲ್ಡಿಂಗ್ ಮಾಡುವ ಒಂಬತ್ತು ಮಂದಿಗೂ ಗ್ಲೌಸ್ ಬೇಕು, ಕ್ಯಾಚರ್‌ಗೆ ಮುಖವಾಡ ಬೇಕು, ನಿಜ. ಆದರೆ ನ್ಯೂಯಾರ್ಕಿನ ಬಡ ಹುಡುಗರು ಪೊರಕೆ ಹಿಡಿ, ರಬ್ಬರ್ ಚೆಂಡು ಇಟ್ಟುಕೊಂಡು ಬೀದಿಯಲ್ಲೇ ಅದನ್ನು ಆಡಿದರು. ನಾವು ಸೀಮೆಎಣ್ಣೆ ಡಬ್ಬ ಇಟ್ಟು ಕ್ರಿಕೆಟ್ ಆಡಲಿಲ್ಲವೇ, ಹಾಗೆ. ದುಡ್ಡು ಕಾರಣ ಅಲ್ಲ, ನೋಡಿ ಕಲಿಯೋಕೆ ಎದುರಿಗೆ ಯಾರಿದ್ದರು ಅನ್ನೋದು ಕಾರಣ. ಅಮೆರಿಕದಲ್ಲೇ ಹುಟ್ಟಿದ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ನಮ್ಮ ಶಾಲೆಗಳಿಗೆ ಬಂದವಲ್ಲ! ಅವುಗಳ ಬೆನ್ನಿಗೆ ವೈಎಂಸಿಎ ಇತ್ತು. ಹ್ಯಾರಿ ಕ್ರೋ ಬಕ್ ಅನ್ನೋ ಅಮೆರಿಕನ್ 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಕಾಲೇಜು ತೆರೆದರು. ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳು ದಕ್ಷಿಣದ ಊರೂರಿಗೆ ಹೋದರು. ಎರಡು ಕಂಬ, ಒಂದು ನೆಟ್ ಕಟ್ಟಿದರೆ ಆಟ ರೆಡಿ. ಬೇಸ್‌ಬಾಲಿನ ಜಾಗದಲ್ಲಿ ಮಾತ್ರ ಕ್ರಿಕೆಟ್ ಆಗಲೇ ಟವೆಲ್ ಹಾಕಿ ಕೂತಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದಾಚೆ ನಮ್ಮೂರಿನ ಶಿಫ್ಟು ಅಂದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು. ಊರಿಗಾಂನಲ್ಲಿ ಹತ್ತಿದವರಿಗೆ ಬಂಗಾರಪೇಟೆ ದಾಟಿದ ಮೇಲೆ ನಿದ್ದೆ. ಕಾರ್ನ್‌ವಾಲ್‌ನವರ ಹಾಗೆ ನಾವೂ ಈಗ ಊರು ಬಿಟ್ಟು ದುಡಿಯುವ ಜನ. ನಮ್ಮ ಜೊತೆ ಹೊರಟಿದ್ದು ದೊರೆಗಳು ಬಿಟ್ಟುಹೋದ ಆಟ.

ಅದು ಎಲ್ಲಿಗೆ ಮುಟ್ಟಿತು ಅಂತ 2024ರ ಜೂನ್ 6ರಂದು ನೋಡಿದೆವು. ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಆ ಓವರ್ ಹಾಕಿದ ಸೌರಭ್ ನೇತ್ರಾವಲ್ಕರ್ ಮುಂಬೈಯಲ್ಲಿ ಹುಟ್ಟಿದ ಸಾಫ್ಟ್‌ವೇರ್ ಎಂಜಿನಿಯರ್. 30 ರನ್‌ಗೆ 3 ವಿಕೆಟ್ ಕಿತ್ತ ನೋಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರ ಮನೆಯ ಹುಡುಗ. ಪಂದ್ಯ ನಡೆದದ್ದು ಡಲ್ಲಾಸ್ ಪಕ್ಕದ ಗ್ರಾಂಡ್ ಪ್ರೇರಿ ಮೈದಾನದಲ್ಲಿ. ಅದು ಮೊದಲು ಬೇಸ್‌ಬಾಲ್ ಮೈದಾನ ಆಗಿತ್ತು, ನಮ್ಮ ಭಾಷೆಯಲ್ಲಿ ಬಾಲ್‌ಪಾರ್ಕ್. ಅದನ್ನು ಬದಲಾಯಿಸಿ ನಡುವೆ ಪಿಚ್ ಹಾಕಿದರು. ಮರುದಿನ ಕಾಲ್‌ನಲ್ಲಿ ನಾನು ಇದರ ಬಗ್ಗೆ ಏನೂ ಹೇಳಲಿಲ್ಲ, ಸ್ಕೋರ್‌ಕಾರ್ಡ್ ಮಾತ್ರ ಕಳಿಸಿದೆ.

ಕೆಜಿಎಫ್ ಓದುಗರಲ್ಲಿ ಒಂದು ಮಾತು. ನಿಮ್ಮ ತಾತ, ಅಪ್ಪ ಯಾವುದಾದರೂ ಮೈನಿನ ಫುಟ್‌ಬಾಲ್, ಹಾಕಿ, ಕ್ರಿಕೆಟ್ ತಂಡದ ಜೊತೆ ನಿಂತು ತೆಗೆಸಿಕೊಂಡ ಫೋಟೋ ಟ್ರಂಕಿನಲ್ಲಿ ಇದ್ದರೆ ಈ ಮಳೆಗಾಲಕ್ಕೆ ಮುಂಚೆ ಹೊರಗೆ ತೆಗೆಯಿರಿ. ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದು, ನಿಂತವರ ಹೆಸರನ್ನು ಎಡದಿಂದ ಬಲಕ್ಕೆ ಬರೆದಿಡಿ. ಹೆಸರು ಗೊತ್ತಿರೋರು ಮನೆಯಲ್ಲಿ ಇನ್ನೂ ಇದ್ದಾಗಲೇ ಕೇಳಿ.