ಐದೋ, ನಾಲ್ಕೋ?

ಈ ಸಲ ದೀಪಾವಳಿಗೆ ಪುಣೆಯ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಮಗನಿಗೆ ಪ್ಲೇಸ್ಟೇಷನ್ 5 ಬೇಕು. ಇರುವ ಪ್ಲೇಸ್ಟೇಷನ್ 4 ಕೆಟ್ಟಿಲ್ಲ. ‘ಓಡೂ ಗಾಡಿ ಯಾಕ ಮಾರಬೇಕೋ?’ ಅಂದೆ. ‘ಪಪ್ಪಾ, ವೋ ಚಲ್ತಾ ನಹೀ, ರೇಂಗ್ತಾ ಹೈ’ ಅಂದ. ನಮ್ಮ ಕನ್ನಡಕ್ಕೆ ಅವನ ಉತ್ತರ ಯಾವಾಗಲೂ ಹಿಂದಿಯಲ್ಲೇ.

ಅವನ ಮಾತು ಸುಳ್ಳಲ್ಲ. ನಾಲ್ಕು ನಮ್ಮ ದೇಶಕ್ಕೆ ಬಂದದ್ದು 2014ರ ಜನವರಿಯಲ್ಲಿ, ಐದು ಬಂದದ್ದು 2021ರ ಫೆಬ್ರವರಿಯಲ್ಲಿ. ಹಳೆಯದರೊಳಗೆ ತಿರುಗುವ ಹಾರ್ಡ್ ಡಿಸ್ಕ್. ದೊಡ್ಡ ಆಟ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ಕಪ್ ಚಹಾ ಮುಗಿದಿರುತ್ತದೆ. ಹೊಸದರಲ್ಲಿ ಎಸ್‌ಎಸ್‌ಡಿ ಇರುವುದರಿಂದ ಆ ಕಾಯುವಿಕೆ ಇಲ್ಲ. 2022ರ ‘ಗಾಡ್ ಆಫ್ ವಾರ್ ರಾಗ್ನರಾಕ್’ ಎರಡಕ್ಕೂ ಬಂತು, ನಿಜ. ಆದರೆ ಮರುವರ್ಷದ ‘ಸ್ಪೈಡರ್‌ಮ್ಯಾನ್ 2’ ನಾಲ್ಕಕ್ಕೆ ಬರಲಿಲ್ಲ. ಹುಡುಗರೆಲ್ಲ ಕಾಯುತ್ತಿರುವ ‘ಜಿಟಿಎ 6’ನ್ನೂ ಅದಕ್ಕೆ ಘೋಷಿಸಿಲ್ಲ.

ಇನ್ನು ದುಡ್ಡಿನ ಮಾತು. ಸಾಮಾನ್ಯವಾಗಿ ಇಂಥ ಯಂತ್ರ ಹಳತಾದಂತೆ ಅಗ್ಗವಾಗಬೇಕು. ಐದರ ಕಥೆ ಉಲ್ಟಾ. ಡಿಸ್ಕ್ ಹಾಕುವ ಮಾದರಿ ಬಂದಾಗ 49,990 ರೂಪಾಯಿ ಇತ್ತು, 2022ರ ಕೊನೆಗೆ 54,990 ಆಯಿತು. ಡಿಸ್ಕ್ ಇಲ್ಲದ್ದು ಅಗ್ಗ. ಆದರೆ ಅದನ್ನು ತಂದರೆ ನಮ್ಮಲ್ಲಿರುವ ಹದಿನಾಲ್ಕು ಡಿಸ್ಕ್‌ಗಳು ಕಪಾಟಿನ ಅಲಂಕಾರಕ್ಕಷ್ಟೇ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ನನ್ನನ್ನು ತಡೆದದ್ದು ಶನಿವಾರದ ರಾತ್ರಿ.

ಧಾರವಾಡದಲ್ಲಿರುವ ಅಕ್ಕನ ಮಗನ ಹತ್ತಿರವೂ ನಾಲ್ಕೇ ಇದೆ. ಪ್ರತಿ ಶನಿವಾರ ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಫುಟ್‌ಬಾಲ್ ಆಟ ‘ಎಫ್‌ಸಿ 24’ ಆಡುತ್ತಾರೆ. ಆಗ ನನ್ನ ಮಗನ ರೂಮಿನಿಂದ ಕೇಳಿಬರುವ ಮಾತು ಬೇರೆಯೇ: ‘ಲೇ, ಬಾಲ್ ಇತ್ತಾಗ ಒಗಿಯಲೇ! ಎಲ್ಲಿ ನೋಡಾಕತ್ತಿ?’ ಕನ್ನಡ ಕಲಿಸಲು ನಾವು ಪಟ್ಟ ಪಾಡೆಲ್ಲ ಮಾಡದ್ದನ್ನು ಆ ಎರಡು ತಾಸು ಮಾಡುತ್ತಿದೆ. ಆ ಆಟದಲ್ಲಿ ಐದರವರು ಐದರವರೊಂದಿಗೆ, ನಾಲ್ಕರವರು ನಾಲ್ಕರವರೊಂದಿಗೆ ಮಾತ್ರ ಆಡಬಹುದು. ಹೊಸದು ಬಂದರೆ ಧಾರವಾಡ ಕಡಿದುಹೋಗುತ್ತದೆ ಅಂದುಕೊಂಡೆ. ಮಗನಿಗೂ ಇದನ್ನು ಹೇಳಿದೆ. ಸುಮ್ಮನಾದ. ಎರಡು ದಿನ ಐದರ ಸುದ್ದಿ ಎತ್ತಲಿಲ್ಲ.

ಮೂರನೆಯ ದಿನ ಅವನೇ ದಾರಿ ಹುಡುಕಿಕೊಂಡು ಬಂದ. ನಾಲ್ಕರ ಬಹುತೇಕ ಎಲ್ಲ ಆಟಗಳೂ ಐದರಲ್ಲಿ ನಡೆಯುತ್ತವೆ. ಫುಟ್‌ಬಾಲಿನ ಹಳೆಯ ಆವೃತ್ತಿಯನ್ನೇ ಹೊಸದರಲ್ಲಿ ಹಾಕಿಕೊಂಡರೆ ಧಾರವಾಡದ ಜೊತೆ ಆಡಬಹುದು, ಹೆಡ್‌ಸೆಟ್‌ನಲ್ಲಿ ಮಾತೂ ಆಡಬಹುದು. ಆ ಆಟಕ್ಕೆ ಹಳೆಯ ಕಂಟ್ರೋಲರ್‌ಗಳೂ ಸಾಕು. ಐದರದೇ ಆಟಗಳಿಗೆ ಮಾತ್ರ ಹೊಸದು ಬೇಕು.

ಡಿಸ್ಕ್ ಹಾಕುವ ಐದನ್ನೇ ತಂದೆವು. ಒಂಟಿಯಾಗಿ ಆಡುವ ಮಕ್ಕಳಿದ್ದರೆ ಬೇಕಾದ ಆಟಗಳ ಪಟ್ಟಿ ನೋಡಿ ಕೊಳ್ಳಿ. ಜೊತೆಗಾರರಿದ್ದರೆ ಮೊದಲು ಅವರ ಮನೆಯಲ್ಲಿ ಯಾವುದಿದೆ ಅಂತ ಕೇಳಿ.

ಮೊನ್ನೆ ಶನಿವಾರ ರೂಮಿನಿಂದ ಮತ್ತೆ ಕೂಗು: ‘ಲೇ, ಗೋಲ್ ಹೊಡಿಯಲೇ!’ ನಾನು ಟಿವಿಯ ಸದ್ದು ಕಡಿಮೆ ಮಾಡಿ ಕೂತೆ.